ಸೋಮವಾರ ಹೂಡಿದ ಬಂಡಿ

"ನೀವು ಪೊಲೀಸ್ರಾದ್ರೂ ಅಷ್ಟ, ಗೌಡ್ರಾದ್ರೂ ಅಷ್ಟ. ಇವತ್ತ ಎತ್ತು ಹೂಡಂಗಿಲ್ಲ," ಎಂದಳು ಭೀಮವ್ವ.

ಪತ್ತೇದಾರಿ ಪರಮಣ್ಣ ಪೊಲೀಸನೂ ಅಲ್ಲ, ಗೌಡನೂ ಅಲ್ಲ. ಇಪ್ಪತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು, ರಾಯಚೂರಿನ ಅರ್ಧ ಅಂಗಡಿಕಾರರ ಕಳ್ಳ ತೂಕ ಹಿಡಿದು, ಇನ್ನರ್ಧ ಅಂಗಡಿಕಾರರ ಬೈಗುಳ ತಿಂದು, ಸಾಕಾಗಿ ರಾಜೀನಾಮೆ ಕೊಟ್ಟವನು. ಈಗ ಸ್ಟೇಷನ್ ರಸ್ತೆಯ ಹತ್ತಿ ಅಂಗಡಿಯೊಂದರ ಮಾಳಿಗೆಯ ಮೇಲೆ ಖಾಸಗಿ ಪತ್ತೆ ಕಾರ್ಯಾಲಯವೆಂಬ ಬೋರ್ಡು ಹಾಕಿಕೊಂಡಿದ್ದಾನೆ.

ಸದ್ಯಕ್ಕೆ ಅವನು ಅರಕೇರಾ ಹಳ್ಳಿಯ ಹೊರಗೆ, ಭೀಮವ್ವನ ಮನೆಯ ಮುಂದೆ, ಏಪ್ರಿಲ್ ತಿಂಗಳ ಬಿಸಿಲಲ್ಲಿ, ಚೈನು ಹರಿದ ಮೊಪೆಡ್ ಹಿಡಿದು ನಿಂತಿದ್ದ. ಗಂಟೆ ಎಂಟೂವರೆ. ಸುತ್ತ ನೆರಳೆಂದು ಹೇಳಿಕೊಳ್ಳಲು ಮೂರು ಜಾಲಿ ಗಿಡ. ಬೇರೆ ಒಂದು ಮರ ಬೇಕೆಂದರೂ ಎದುರಿಗಿದ್ದ ಸರಕಾರಿ ಬೋರಿನ ಹತ್ತಿರ ಸಿಗುವುದಿಲ್ಲವೆಂದು ಭೀಮವ್ವ ಆಗಲೇ ಎರಡು ಸಲ ಗೊಣಗಿದ್ದಳು.

ಬೆಳಗಿನಿಂದ ಅವನ ಗ್ರಹಚಾರವೇ ಸರಿಯಿರಲಿಲ್ಲ. ಬಂದ ಕೆಲಸ ಕೆಟ್ಟಿತ್ತು.

ಕೆಲಸ ಏನೆಂದರೆ, ರಾಯಚೂರಿನ ಎರಕದ ಕಾರ್ಖಾನೆಯ ಮೌಲಾಹುಸೇನನ ಮಾನ ಉಳಿಸುವುದು. ದೇವದುರ್ಗ ಮತ್ತು ಮಾನವಿ ತಾಲೂಕಿನ ಹಳ್ಳಿಗಳಿಗೆ ನಾಲ್ಕು ನೂರು ಕೈಪಂಪು ಬೇಕೆಂದು ಸರಕಾರ ಟೆಂಡರು ಕರೆದಿತ್ತು. ಮೌಲಾಹುಸೇನ ತಾನೇ ಎರಕ ಹೊಯ್ದ ಒಂದು ಪಂಪನ್ನು ಮಾದರಿಗೆ ಕೊಟ್ಟಿದ್ದ. ಅದು ಅರಕೇರಾದ ಈ ಬೋರಿನ ಮೇಲೆ ನಡೆದ ಪರೀಕ್ಷೆಯಲ್ಲಿ ಮೂರನೇ ದಿನಕ್ಕೇ ಮುರಿಯಿತು, ಒಳಗೆ ನೋಡಿದರೆ ಹಳೆ ಗುಜರಿ ಕಬ್ಬಿಣಕ್ಕೆ ಬಣ್ಣ ಬಳಿದಿದ್ದರು ಎಂದು ವರದಿ ಬಂತು. ಅಂದರೆ ಮೋಸ. ಮೋಸಕ್ಕೆ ಶಿಕ್ಷೆ ಕಪ್ಪುಪಟ್ಟಿ.

ಇದು ನಮ್ಮ ತಾಲೂಕು ಕಚೇರಿಯ ಕಪ್ಪುಪಟ್ಟಿಯಾಗಿದ್ದರೆ ನಾಲ್ಕು ದಿನ ಓಡಾಡಿ ಅಳಿಸಿಕೊಂಡು ಬರಬಹುದಿತ್ತು. ಪಂಪಿನ ದುಡ್ಡು ಕೊಡುವುದು ಪರದೇಶದ ಬ್ಯಾಂಕು. ಆ ಪಟ್ಟಿಯಲ್ಲಿ ಹೆಸರು ಬಂದರೆ, ಬ್ಯಾಂಕು ಸಾಲ ಕೊಟ್ಟ ಯಾವ ದೇಶದ ಸರಕಾರವೂ ಆ ಸಾಲದ ದುಡ್ಡಿನಲ್ಲಿ ಅವನಿಂದ ಒಂದು ಮೊಳೆ ಸಹ ಕೊಳ್ಳುವಂತಿಲ್ಲ. ಬ್ಯಾಂಕಿನ ಸಾಹೇಬ ಇವತ್ತು ಸಂಜೆಯ ಮದರಾಸು ರೈಲಿಗೆ ಹೊರಡುವವನು. ಹೊರಡುವ ಮುಂಚೆ, ಐದು ಗಂಟೆಗೆ, ಪಟ್ಟಿಗೆ ಸಹಿ.

ಪರಮಣ್ಣ ನಸುಕಿಗೇ ಎದ್ದು ಬಂದು, ವರದಿಯಲ್ಲಿ ಹೆಸರಿದ್ದ ಬಂಡಿಯ ಆದೆಪ್ಪನನ್ನು ಹುಡುಕಿ ಕೇಳಿದ್ದ. ಭೀಮವ್ವನ ಮಗ ಆದೆಪ್ಪ ಸುಳ್ಳು ಹೇಳುವ ಜಾತಿಯವನಲ್ಲ. ಹೌದು, ಮಾರ್ಚಿನಲ್ಲಿ ಒಂದು ಪಂಪನ್ನು ದೇವದುರ್ಗದಿಂದ ತನ್ನ ಬಂಡಿಯಲ್ಲೇ ತಂದಿದ್ದೆ ಎಂದುಬಿಟ್ಟ. ಗೋಣಿತಟ್ಟಿನಲ್ಲಿ ಸುತ್ತಿದ್ದರಿಂದ ಯಾರದು, ಯಾವ ಬಣ್ಣದ್ದು ಗೊತ್ತಿಲ್ಲ. ತಾರೀಕಂತೂ ಕೇಳಲೇಬೇಡಿ. ಆ ತಿಂಗಳು ಜೀಪುಗಳು ಬಂದವು, ಹೋದವು. ಪಂಪು ಹಾಕಿದರು, ಕಿತ್ತರು. ಊರವರಿಗೆ ಎಲ್ಲ ಪಂಪೂ ಒಂದೇ.

ಅಂದರೆ ವರದಿ ನಿಜ. ಸಪ್ಪೆ ಮುಖ ಮಾಡಿ ಹೊರಟರೆ ಮೊಪೆಡ್ಡಿನ ಚೈನೂ ಹರಿಯಿತು.

ಮೊಪೆಡ್ಡನ್ನು ಬಂಡಿಗೆ ಹಾಕಿ ದೇವದುರ್ಗದ ರಿಪೇರಿ ಅಂಗಡಿಗೆ ಮುಟ್ಟಿಸಿ ಎಂದು ಅವನು ಆಗಿನಿಂದ ಬೇಡುತ್ತಿದ್ದ. ಬಂಡಿ ಕಣ್ಣೆದುರಿಗೇ ಇತ್ತು. ಎತ್ತುಗಳು ಕಣ್ಣೆದುರಿಗೇ ಮೇವು ಮೆಲ್ಲುತ್ತಿದ್ದವು. ಆದರೆ ತಾಯಿಮಗ ಇಬ್ಬರೂ ಜಗ್ಗಲಿಲ್ಲ.

"ಯವ್ವಾ, ದುಪ್ಪಟ್ಟು ಬಾಡಿಗಿ ಕೊಡ್ತೀನಿ."

"ಹತ್ತು ಪಟ್ಟು ಕೊಡ್ರಿ. ಇವತ್ತ ಸೋಮವಾರ. ಬಸವಣ್ಣನ ವಾರ. ನಮ್ಮತ್ತಿ ಕಾಲದಿಂದ ಈ ಮನ್ಯಾಗ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಟ್ಟಿಲ್ಲ. ಈ ಊರಾಗ ಯಾರೂ ಇಟ್ಟಿಲ್ಲ."

ಪರಮಣ್ಣನಿಗೆ ಗೊತ್ತಿಲ್ಲದ ಮಾತೇನಲ್ಲ. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಸೋಮವಾರ ಎತ್ತಿಗೆ ಮೈ ತೊಳೆದು, ಕೈಮುಗಿದು ಬಿಡುತ್ತಾರೆ. ಮೌಲಾಹುಸೇನನ ಕಾರ್ಖಾನೆಯಲ್ಲೂ ಸೋಮವಾರ ಕುಲುಮೆ ಹೊತ್ತಿಸುವುದಿಲ್ಲ, ಯಾಕೆಂದರೆ ಅಚ್ಚಿಗೆ ಹೊಳೆಯ ಉಸುಕು ತರುವ ಬಂಡಿಗಳು ಆ ದಿನ ಬರುವುದಿಲ್ಲ. ಗೊತ್ತಿದ್ದೂ ಬೇಡಿದ್ದು ಅವನದೇ ತಪ್ಪು. ಸರಿ ಯವ್ವಾ, ಎಂದು ಜಾಲಿಯ ನೆರಳಲ್ಲಿ ಕೂತ.

ಕೂತವನು ತಟ್ಟನೆ ಎದ್ದ.

ಅಂಗಿಯ ಜೇಬಿನಿಂದ ವರದಿಯ ನಕಲು ತೆಗೆದ. ಮೊದಲ ಸಾಲು: ಮಾರ್ಚ್ ಹನ್ನೆರಡನೇ ತಾರೀಕು, ದೇವದುರ್ಗದಿಂದ ಆದೆಪ್ಪ ಎಂಬುವನ ಎತ್ತಿನ ಬಂಡಿಯಲ್ಲಿ ಮಾದರಿ ಪಂಪನ್ನು ಅರಕೇರಾಕ್ಕೆ ಸಾಗಿಸಲಾಯಿತು. ಭೀಮವ್ವನ ಮನೆಯ ಗೋಡೆಗೆ ಗೊಬ್ಬರದಂಗಡಿಯವರು ಕೊಟ್ಟ ಎಂಬತ್ತನಾಲ್ಕನೇ ಇಸವಿಯ ಕ್ಯಾಲೆಂಡರ್ ತೂಗುಹಾಕಿತ್ತು. ಅವನು ಒಳಗೆ ನುಗ್ಗಿ ಮಾರ್ಚಿನ ಹಾಳೆಗೆ ಬೆರಳಿಟ್ಟ.

ಹನ್ನೆರಡು, ಸೋಮವಾರ.

ಪರಮಣ್ಣನಿಗೆ ನಗು ಉಕ್ಕಿ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ಭೀಮವ್ವ ಗಾಬರಿಯಾಗಿ, ಇವರಿಗೆ ಬಿಸಿಲು ನೆತ್ತಿಗೇರಿತು, ಮಜ್ಜಿಗೆ ತಾ ಎಂದು ಮಗನನ್ನು ಓಡಿಸಿದಳು. ಎರಡು ಚೆಂಬು ಮಜ್ಜಿಗೆ ಕುಡಿದ ಮೇಲೆ ಪರಮಣ್ಣ ಆದೆಪ್ಪನ ಹೆಗಲ ಮೇಲೆ ಕೈಯಿಟ್ಟ. ನೀನು ಪಂಪು ತಂದದ್ದು ಸೋಮವಾರವೋ ಎಂದು ಕೇಳಿದ್ದಕ್ಕೆ ಆದೆಪ್ಪ ಕೆನ್ನೆ ಬಡಿದುಕೊಂಡ. ತಂದದ್ದು ಸಂತೆ ದಿನ, ಮೆಣಸಿನಕಾಯಿ ಮಾರಿ ವಾಪಸು ಬರುವಾಗ. ಹಾಗಾದರೆ ಅದು ಬೇರೆ ಯಾರದೋ ಪಂಪು. ಹನ್ನೆರಡನೇ ತಾರೀಕು ಬಂತೆಂದು ಬರೆದ ಪಂಪು ಬರಲೇ ಇಲ್ಲ. ಬರದ ಪಂಪು ಮುರಿಯುವುದು ಹೇಗೆ?

ಮೊಪೆಡ್ಡನ್ನು ಭೀಮವ್ವನ ದನದ ಕೊಟ್ಟಿಗೆಯಲ್ಲಿ ಬಿಟ್ಟು, ಆದೆಪ್ಪನನ್ನು ಜೊತೆಗೆ ಕರೆದುಕೊಂಡು, ಅವನು ಒಂಬತ್ತೂವರೆಯ ಕೆಂಪು ಬಸ್ಸು ಹತ್ತಿದ.

ವರದಿಗೆ ಸಹಿ ಹಾಕಿದ ಓವರ್ಸಿಯರ್ ಇದ್ದದ್ದು ಮಾನವಿಯಲ್ಲಿ. ಬಸ್ಸು ಸಿರವಾರ ದಾಟಿ ಮಾನವಿಗೆ ಬಂದಾಗ ಇಬ್ಬರೂ ಇಳಿದರು. ಅಲ್ಲಿ ಕೇಳಿದರೆ ಸಾಹೇಬರು ಮೀಟಿಂಗಿಗೆ ರಾಯಚೂರಿಗೆ ಹೋದರೆಂಬ ಉತ್ತರ ಬಂತು. ಪರಮಣ್ಣ ಬೇಸರ ಮಾಡಿಕೊಳ್ಳಲಿಲ್ಲ. ಸರಕಾರಿ ನೌಕರ ಎಲ್ಲಿದ್ದ ಎಂದು ತಿಳಿಯಲು ಕಚೇರಿಯ ಹಾಜರಿ ಪುಸ್ತಕಕ್ಕಿಂತ ಅಡುಗೆಮನೆ ವಾಸಿ ಎಂಬುದು ಅವನ ಅನುಭವ. ಸೀದಾ ಊರಾಚೆಯ ಸರಕಾರಿ ಬಂಗಲೆಗೆ ಹೋದ.

ಬಂಗಲೆಯ ಅಡುಗೆಯವಳು ಬಡೇಬೀ ಮಾತಿನ ಮಲ್ಲಿ. ಮಾರ್ಚ್ ಹನ್ನೊಂದರಿಂದ ಹತ್ತೊಂಬತ್ತರವರೆಗೆ ಓವರ್ಸಿಯರ್ ಬಂಗಲೆ ಬಿಟ್ಟು ಅಲುಗಿಲ್ಲ ಎಂದಳು. ಜೊತೆಗೆ ವಜ್ರಧಾರ ಪಂಪ್ ಕಂಪನಿಯ ಹೈದರಾಬಾದಿನ ಏಜೆಂಟ್. ಇಬ್ಬರೂ ಸೇರಿ ಎಂಟು ಕೋಳಿ ಮುಗಿಸಿದ್ದಾರೆ. ಕೋಳಿಯ ಲೆಕ್ಕ ತನಗೆ ಚೆನ್ನಾಗಿ ನೆನಪಿದೆ, ಸಾಕಿದವಳು ತಾನೇ.

ವಜ್ರಧಾರ ಎಂಬ ಹೆಸರು ಕೇಳಿ ಪರಮಣ್ಣ ಕಿವಿ ನೆಟ್ಟಗೆ ಮಾಡಿದ. ಮೌಲಾಹುಸೇನ ಸೋತರೆ ಗೆಲ್ಲುವ ಕಂಪನಿಯೇ ಅದು.

"ಮತ್ಯಾರರೆ ಇದ್ರೇನು, ಬಡೇಬೀ?"

"ಮೂರನೇ ಕೋಣಿ ಬಾಗಿಲ ಹಾಕೇ ಇತ್ತು ಸಾಬ್. ಒಳಗ ಯಾರಿದ್ರೋ ಖುದಾಗೇ ಗೊತ್ತು. ದಿನಾ ಮುಂಜಾನಿ ಅವರಿಗೆ ತತ್ತಿ. ಖಾರ ನಕ್ಕೋ, ಮೆಣಸು ನಕ್ಕೋ, ಬರೀ ಕುದಿಸಿದ ತತ್ತಿ. ಓವರ್ಸಿಯರ್ ಸಾಬ್‌ರೇ ತಾಟು ಒಯ್ತಿದ್ರು."

ಖಾರ ಬೇಡವೆಂದು ಬರೀ ಮೊಟ್ಟೆ ತಿನ್ನುವವರು ಹೊಟ್ಟೆ ಹುಣ್ಣಿನವರು ಯಾರೋ ಇರಬೇಕು ಎಂದುಕೊಂಡ ಪರಮಣ್ಣ. ಇನ್ನೊಂದು ಮಾತನ್ನು ಬಡೇಬೀ ತಾನಾಗಿಯೇ ಹೇಳಿದಳು. ಒಂದು ಸಂಜೆ ಆ ಕೋಣೆಗೆ ಒಬ್ಬರು ಬಂದು ಹೋದರು. ಮುಖ ನೋಡಲಿಲ್ಲ, ಹೊರಗೆ ಬಿಟ್ಟ ಚಪ್ಪಲಿ ನೋಡಿದಳು. ಚಪ್ಪಲಿಯ ತುಂಬ ಕರೀ ಉಸುಕು. ವರಾಂಡವನ್ನು ಎರಡು ಸಲ ಗುಡಿಸಬೇಕಾಯಿತು. ಮಾನವಿಯಲ್ಲಿ ಕರೀ ಹೊಲ ಉಂಟು, ಕರೀ ಉಸುಕು ಎಲ್ಲಿಂದ ಬಂತು ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಪರಮಣ್ಣ ಹೂಂಗುಟ್ಟಿದ. ಅವನ ತಲೆಯ ತುಂಬ ಸೋಮವಾರವೇ ತುಂಬಿತ್ತು. ಗೆದ್ದ ಖುಷಿಯಲ್ಲಿರುವವನ ಕಿವಿ ಅರ್ಧ ಮುಚ್ಚಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಆದೆಪ್ಪನಿಗೆ ಮಂಡಕ್ಕಿಯ ಮಂಡಾಳ ಒಗ್ಗರಣೆ, ನಾಲ್ಕು ಮಿರ್ಚಿ ಕೊಡಿಸಿ, ತಾನು ಆರು ಮಿರ್ಚಿ ತಿಂದು ರಾಯಚೂರಿನ ಬಸ್ಸು ಹಿಡಿದ.

ಮೂರೂಮುಕ್ಕಾಲಿಗೆ ಇಬ್ಬರೂ ಎಂಜಿನಿಯರ್ ಕಚೇರಿಯ ಆವರಣ ಹೊಕ್ಕರು. ಹಿಂದಿನ ಅಂಗಳದ ಹುಣಸೆ ಮರದ ಕೆಳಗೆ ಮಣ್ಣಿನ ಹರವಿಯಲ್ಲಿ ನೀರಿತ್ತು. ಅಲ್ಲಿದ್ದ ಕೋಣೆಯೊಂದರ ಹಸಿರು ಬಾಗಿಲಿಗೆ ಒರಗಿ ಆದೆಪ್ಪ ನೀರು ಕುಡಿದ. ಬಾಗಿಲಿನ ಹೊಸ ಬೀಗ ಬೆನ್ನಿಗೆ ಚುಚ್ಚಿತೆಂದು ಬೈದುಕೊಂಡ. ಮೌಲಾಹುಸೇನನೂ ಅಲ್ಲೇ ಕಾಯುತ್ತಿದ್ದ.

ಐವತ್ತರ ಹತ್ತಿರದ, ಗಟ್ಟಿ ಮೈಯ ಮನುಷ್ಯ. ಕುಲುಮೆಯ ಮುಂದೆ ನಿಂತು ನಿಂತು ಹುಬ್ಬಿನ ಕೂದಲು ಅರ್ಧ ಸುಟ್ಟಿವೆ. ಅವನ ಕೈಕೆಳಗೆ ಹನ್ನೊಂದು ಜನ. ನಿನ್ನೆ ಅವನ ತಾಯಿ ಬಿಸ್ಮಿಲ್ಲಾ ಬೀ ಪರಮಣ್ಣನಿಗೆ ಬಿಸಿ ರೊಟ್ಟಿ ಬಡಿಸುತ್ತ, ನನ್ನ ಮಗ ಎರಕದಲ್ಲಿ ಒಂದು ಗುಳ್ಳೆ ಕಂಡರೂ ಒಡೆದು ಮತ್ತೆ ಕರಗಿಸುವವನು, ಅವನಿಗೆ ಮೋಸಗಾರ ಅಂದರಲ್ಲ ಎಂದು ಅತ್ತಿದ್ದಳು. ಆ ಅಳು ಪರಮಣ್ಣನ ಎದೆಯಲ್ಲಿ ಇನ್ನೂ ಇತ್ತು.

ಅವನು ಮೌಲಾಹುಸೇನನ ಬೆನ್ನು ತಟ್ಟಿ, ಚಿಂತೆ ಬಿಡು, ಐದು ಗಂಟೆಗೆ ನಿನ್ನ ಹೆಸರು ಹಾಲಿನಂತಾಗುತ್ತದೆ ಎಂದ. ಸೋಮವಾರದ ಬಂಡಿಯ ಕಥೆಯನ್ನೂ ಹೇಳಿದ. ಮೌಲಾಹುಸೇನ ನಗಲಿಲ್ಲ. ಆದರೆ ಅವನ ಕಣ್ಣು ತುಂಬಿ ಬಂದವು.

"ಯಾರರೆ ಓದ್ತಾರೋ ಇಲ್ಲೋ ಅಂತಿದ್ದೆ, ಅಣ್ಣಾ," ಎಂದಷ್ಟೇ ಹೇಳಿದ.

ಮೂವರೂ ಒಳಗೆ ಹೋದಾಗ ಎಂಜಿನಿಯರ್ ಬುರ್ಹಾನುದ್ದೀನ್ ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಬಿಳಿ ಗಡ್ಡ, ಮೃದು ಮಾತು. ಪಕ್ಕದಲ್ಲಿ ಬ್ಯಾಂಕಿನ ಸಾಹೇಬ. ಯುರೋಪಿನ ಬಡಗಣ ತುದಿಯ ಯಾವುದೋ ದೇಶದವನು, ಬಿಸಿಲಿಗೆ ಬೇಯಿಸಿದ ಸೀಗಡಿಯಂತೆ ಕೆಂಪಗಾಗಿದ್ದ. ಅವನಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಬುರ್ಹಾನುದ್ದೀನರೇ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಓವರ್ಸಿಯರ್ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ.

ಚಹಾದ ಜೊತೆ ಮಿರ್ಚಿ ಬಂದಿತ್ತು. ಬ್ಯಾಂಕಿನ ಸಾಹೇಬ ತನ್ನ ಪಾಲಿನದನ್ನು ನಗುತ್ತ ದೂರ ಸರಿಸಿ ಬ್ರೆಡ್ಡು, ಕುದಿಸಿದ ಮೊಟ್ಟೆ ತಿನ್ನುತ್ತಿದ್ದ.

ಖಾಸಗಿ ಪತ್ತೇದಾರನಿಗೆ ಸರಕಾರಿ ಸಭೆಯಲ್ಲಿ ಏನು ಕೆಲಸ ಎಂದು ಓವರ್ಸಿಯರ್ ತಕರಾರು ಎತ್ತಿದ. ಬುರ್ಹಾನುದ್ದೀನರು ಕೈ ಎತ್ತಿ ತಡೆದರು. ಈ ಸಾಲದ ಕರಾರಿನಲ್ಲಿ ಒಂದು ಒಳ್ಳೆಯ ಮಾತಿದೆ, ಟೆಂಡರಿನಲ್ಲಿ ಸೋತವನು ಬಂದು ನಾನು ಯಾಕೆ ಸೋತೆ ಎಂದು ಕೇಳಬಹುದು, ತನ್ನ ಪರವಾಗಿ ಯಾರನ್ನಾದರೂ ಕರೆತರಬಹುದು ಎಂದರು.

ಬ್ಯಾಂಕಿನ ಸಾಹೇಬ ಹುರುಪಿನಿಂದ ಮಾತಿಗೆ ಸೇರಿಕೊಂಡ. ತನ್ನೂರಿನ ಪುರಸಭೆ ಮೊದಲೆಲ್ಲ ಬಸ್ಸು ಬೇಕಾದರೆ ಅದೇ ಊರಿನ ಕಾರ್ಖಾನೆಯಿಂದಲೇ ಕೊಳ್ಳುತ್ತಿತ್ತಂತೆ. ಬಸ್ಸು ಚಳಿಗಾಲದಲ್ಲಿ ಹೊರಡದಿದ್ದರೂ ಅದನ್ನೇ ಕೊಳ್ಳುತ್ತಿತ್ತು, ಯಾಕೆಂದರೆ ಕಾರ್ಖಾನೆಯ ಕೆಲಸಗಾರರೇ ಮತ ಹಾಕುವವರು. ಎಲ್ಲ ದೇಶದಲ್ಲೂ ಇದೇ ಕಥೆ. ಅಮೆರಿಕದ ಸರಕಾರವೂ ತನ್ನ ನಾಡಿನ ಮಾಲಿಗೇ ಮೊದಲ ಮಣೆ ಹಾಕುವ ಕಾನೂನು ಇಟ್ಟುಕೊಂಡಿದೆ. ಐದು ವರ್ಷದ ಹಿಂದೆ ಕೆಲವು ದೇಶಗಳು ಜಿನೀವಾದಲ್ಲಿ ಕೂಡಿ, ಸರಕಾರ ದೊಡ್ಡ ಖರೀದಿ ಮಾಡುವಾಗ ನಮ್ಮವರು, ಪರದೇಶದವರು ಎಂದು ಭೇದ ಮಾಡುವುದಿಲ್ಲವೆಂದು ಒಂದು ಒಪ್ಪಂದ ಮಾಡಿಕೊಂಡವು. ಭಾರತ ಅದರಲ್ಲಿ ಸೇರಿಲ್ಲ. ಆದರೆ ಈ ಪಂಪಿಗೆ ಸಾಲ ತೆಗೆದುಕೊಂಡಿದೆ, ಸಾಲದ ಪತ್ರದಲ್ಲಿ ಅಂಥದೇ ನಿಯಮ ಇದೆ.

ಪರಮಣ್ಣ ತಲೆಯಾಡಿಸಿದ. ನಿಯಮಗಳನ್ನು ಅವನು ಆಗಲೇ ಓದಿ ಬಂದಿದ್ದ. ಯಾವ ದೇಶದವರು ಬೇಕಾದರೂ ಟೆಂಡರು ಹಾಕಬಹುದು. ಲಕೋಟೆಗಳನ್ನು ಎಲ್ಲರ ಎದುರಿಗೇ ಒಡೆಯಬೇಕು. ಇಲ್ಲೇ ತಯಾರಾದ ಮಾಲಿಗೆ ಮಾತ್ರ ಒಂದು ರಿಯಾಯಿತಿ: ಹೋಲಿಸುವಾಗ ಪರದೇಶದ ಬೆಲೆಗೆ ನೂರಕ್ಕೆ ಹದಿನೈದು ಸೇರಿಸಿ ನೋಡುತ್ತಾರೆ.

"ನಮ್ಮ ಭಾಷಾದಾಗ ಹೇಳ್ಬೇಕಂದ್ರ, ತಕ್ಕಡ್ಯಾಗ ಸರಕಾರನೇ ಒಪ್ಪಿ ಇಟ್ಟ ಹದಿನೈದರ ಕಲ್ಲು," ಎಂದ ಪರಮಣ್ಣ. "ಕಲ್ಲು ಇಡೋದು ತಪ್ಪಲ್ರೀ. ಆದ್ರ ಯಾರ ಪಾಲಿಗೆ ಇಡಾಕತ್ತಾರ ಅಂತ ನೋಡ್ಬೇಕು."

ಮಾತನ್ನು ಬುರ್ಹಾನುದ್ದೀನರು ತಿರುಗಿಸಿ ಹೇಳಿದ ಮೇಲೆ ಬ್ಯಾಂಕಿನ ಸಾಹೇಬ ಜೋರಾಗಿ ನಕ್ಕ.

ಪರಮಣ್ಣ ಬಿಡಿಸಿ ಹೇಳಿದ. ಟೆಂಡರು ಹಾಕಿದವರು ಮೂವರು. ಒಬ್ಬ ಪರದೇಶದವನು, ಒಂದು ವಜ್ರಧಾರ, ಒಬ್ಬ ಮೌಲಾಹುಸೇನ. ವಜ್ರಧಾರದ ಬೆಲೆ ಪರದೇಶದವನಿಗಿಂತ ಹೆಚ್ಚು. ತಾನು ಸ್ವದೇಶಿ ಎಂಬ ಆ ಹದಿನೈದರ ಕಲ್ಲಿನಿಂದಲೇ ಅದು ಮುಂದೆ ಬಂದಿದೆ. ಅದಕ್ಕಿಂತ ಕಡಿಮೆ ಬೆಲೆ ಹಾಕಿದ್ದ ನಿಜವಾದ ಸ್ವದೇಶಿ ಮೌಲಾಹುಸೇನ ಒಬ್ಬನೇ. ಅವನನ್ನು ದಾರಿಯಿಂದ ಎತ್ತಬೇಕಾಗಿತ್ತು. ಅದಕ್ಕೆ ಈ ವರದಿ. ಇನ್ನು ವಜ್ರಧಾರದ ಪಂಪು ಪರದೇಶದಿಂದ ಪೆಟ್ಟಿಗೆಯಲ್ಲಿ ಬಂದು, ಇಲ್ಲಿ ಬಣ್ಣ ಮಾತ್ರ ಬಳಿಸಿಕೊಳ್ಳುತ್ತದೆ ಎಂದು ಪೇಟೆಯಲ್ಲಿ ಗುಸುಗುಸು ಇದೆ.

ಗುಸುಗುಸುವಿಗೆ ಸಾಕ್ಷಿ ಎಲ್ಲಿ ಎಂದು ಓವರ್ಸಿಯರ್ ಕೇಳಿದ. ಸಾಕ್ಷಿ ಇಲ್ಲಿದೆ ಎಂದು ಪರಮಣ್ಣ ಆದೆಪ್ಪನನ್ನು ಮುಂದಕ್ಕೆ ತಳ್ಳಿದ.

ಆದೆಪ್ಪ ಇಂಥ ಕೋಣೆಗೆ ಬಂದದ್ದು ಇದೇ ಮೊದಲು. ಆದರೂ ಹೆದರಲಿಲ್ಲ.

"ಸೋಮವಾರ ನಾನು ಬಂಡಿ ಹೂಡಿದೆ ಅಂತ ಬರದೀರಿ. ನಮ್ಮವ್ವ ಕೇಳಿದ್ರ ನನ್ನ ಮನಿ ಬಿಟ್ಟು ಹೊರಗ ಹಾಕ್ತಾಳ. ಅದನ್ನ ಹೊಡದು ಹಾಕ್ರಿ ಸಾಹೇಬ್ರ. ಪಂಪಿನ ಸುದ್ದಿ ನೀವು ನೋಡ್ಕೊಳ್ರಿ, ನನ್ನ ಎತ್ತಿನ ಸುದ್ದಿ ಸುಳ್ಳು ಬರೀಬ್ಯಾಡ್ರಿ."

ಬುರ್ಹಾನುದ್ದೀನರು ಕ್ಯಾಲೆಂಡರ್ ತಿರುವಿ ನೋಡಿದರು. ಅವರ ಮುಖ ಗಂಭೀರವಾಯಿತು. ಈ ಜಿಲ್ಲೆಯವರಾದ ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ವರದಿಯನ್ನು ತಾವೂ ಎರಡು ಸಲ ಓದಿದ್ದೆ, ತಾರೀಕು ಓದಿದೆನೇ ಹೊರತು ವಾರ ನೋಡಲಿಲ್ಲ ಎಂದು ನಾಚಿಕೆಯಿಂದ ಒಪ್ಪಿಕೊಂಡರು. ಪರಮಣ್ಣ ಬಂಗಲೆಯ ಎಂಟು ಕೋಳಿಗಳ ಸಂಗತಿಯನ್ನೂ ಮುಂದಿಟ್ಟಾಗ ಓವರ್ಸಿಯರ್ ಕುರ್ಚಿಯಲ್ಲೇ ಕುಸಿದ.

"ಸಾರ್, ನಾನು ಮೈಸೂರು ಪೇಟೆಯಲ್ಲಿ ಹುಟ್ಟಿ ಬೆಳೆದೋನು. ಎತ್ತನ್ನ ಬಸ್ಸಿನ ಕಿಟಕಿಯಿಂದ ನೋಡಿದ್ದು ಅಷ್ಟೇ. ಸೋಮವಾರ ಅದಕ್ಕೆ ರಜಾ ಅಂತ ನಂಗೇನ್ ಗೊತ್ತು?"

ಅಲ್ಲಿಗೆ ವರದಿ ಸುಳ್ಳೆಂದು ಅವನ ಬಾಯಿಂದಲೇ ಬಂತು. ಪರಮಣ್ಣ ಗಡಿಯಾರ ನೋಡಿದ, ನಾಲ್ಕೂ ಇಪ್ಪತ್ತು. ಗೆದ್ದೆ ಎಂದುಕೊಂಡ. ತಟ್ಟೆಯಲ್ಲಿ ಉಳಿದಿದ್ದ ಸಾಹೇಬನ ಪಾಲಿನ ಮಿರ್ಚಿಗೂ ಕೈ ಹಾಕಿದ.

ಓವರ್ಸಿಯರ್ ಇನ್ನೂ ಮಾತಾಡುತ್ತಿದ್ದ. ಅರಕೇರಾಕ್ಕೆ ಹೋಗದೆ ಸಹಿ ಹಾಕಿದ್ದು ತಪ್ಪು, ಆದರೆ ಒಂದಕ್ಷರವನ್ನೂ ತಾನು ಸ್ವಂತ ಬರೆದಿಲ್ಲ. ಕೈಬರಹದ ಕಾಗದವನ್ನು ವಜ್ರಧಾರದ ಏಜೆಂಟ್ ತಂದುಕೊಟ್ಟ. ತಾನು ಅದನ್ನು ಟೈಪ್ ಮಾಡಿಸಿದೆ, ಅಷ್ಟೇ. ಯಾರು ಬರೆದದ್ದೋ ಕೇಳಲಿಲ್ಲ. ಬೇಕಾದರೆ ನೋಡಿ ಎಂದು ಫೈಲಿನಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟ.

ಪರಮಣ್ಣ ಬಗ್ಗಿ ನೋಡಿದ. ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು.

ಗುಂಡಗಿನ, ಅಚ್ಚಿನಲ್ಲಿ ಎರಕ ಹೊಯ್ದು ತೆಗೆದಂಥ ಅಕ್ಷರ. ಅಂಥದೇ ಅಕ್ಷರದ ಒಂದು ಪತ್ರ ಅವನ ಜೇಬಿನಲ್ಲಿತ್ತು. 'ಪರಮಣ್ಣನವರಿಗೆ ಸಲಾಂ, ನನ್ನ ಮೇಲೆ ಬಂದ ಸುಳ್ಳು ಆರೋಪವನ್ನು ಪತ್ತೆ ಮಾಡಿ ಕೊಡಬೇಕು' ಎಂದು ಶುರುವಾಗುವ ಪತ್ರ. ಬುರ್ಹಾನುದ್ದೀನರೂ ಟೆಂಡರಿನ ಅರ್ಜಿ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಸಂಶಯವೇ ಇಲ್ಲ.

ಮೌಲಾಹುಸೇನನ ಪಂಪು ಮುರಿಯಿತೆಂದು ಬರೆದವನು ಮೌಲಾಹುಸೇನನೇ.

ಮಾನವಿಯ ವರಾಂಡದ ಕರೀ ಉಸುಕು ಪರಮಣ್ಣನಿಗೆ ಆಗ ನೆನಪಾಯಿತು. ಎರಕದ ಅಚ್ಚು ಮಾಡುವ ಉಸುಕು, ಬೆಂಕಿ ತಿಂದು ತಿಂದು ಇದ್ದಲಿನಂತೆ ಕಪ್ಪಾಗಿರುತ್ತದೆ. ನಿನ್ನೆ ತಾನೇ ಮೌಲಾಹುಸೇನನ ಕಾರ್ಖಾನೆಯಲ್ಲಿ ಅದರ ಮೇಲೆ ಕಾಲಿಟ್ಟು ನಡೆದಿದ್ದ. ಬಡೇಬೀ ಬಾಯಿಬಿಟ್ಟು ಹೇಳಿದರೂ ತಿಳಿಯದ ತನ್ನ ತಲೆಗೆ ತಾನೇ ಮೊಟಕಿಕೊಳ್ಳಬೇಕೆನಿಸಿತು.

ಬ್ಯಾಂಕಿನ ಸಾಹೇಬ ಎಲ್ಲವನ್ನೂ ಬುರ್ಹಾನುದ್ದೀನರ ಬಾಯಿಂದ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟ. ನಿಯಮ ಸ್ಪಷ್ಟವಾಗಿದೆ ಎಂದ. ಟೆಂಡರಿ‌ನಲ್ಲಿ ಸುಳ್ಳು ಕಾಗದ ಹುಟ್ಟಿಸಿದವನು ಯಾರೇ ಆಗಲಿ, ಅವನ ಹೆಸರು ಕಪ್ಪುಪಟ್ಟಿಗೆ. ಪೆನ್ನಿನ ಕ್ಯಾಪು ತೆಗೆದ.

ಪರಮಣ್ಣನಿಗೆ ಮೈ ಉರಿಯಿತು. ಬಿಸ್ಮಿಲ್ಲಾ ಬೀಯ ಮಗನನ್ನು ಪಟ್ಟಿಯಿಂದ ತಪ್ಪಿಸಲು ಅರಕೇರಾಕ್ಕೆ ಹೋದವನು ತಾನು. ತನ್ನ ಕೈಯಿಂದಲೇ ಅವನನ್ನು ಪಟ್ಟಿಗೆ ತಳ್ಳಿದಂತಾಯಿತು. ಬಾಗಿಲ ಬಳಿಯ ಬೆಂಚಿನ ಮೇಲಿದ್ದ ಮೌಲಾಹುಸೇನನ ಕಡೆ ಸಿಟ್ಟಿನಿಂದ ತಿರುಗಿದ.

ತಿರುಗಿದವನು ಹಾಗೇ ನಿಂತ. ಸಿಟ್ಟು ಬಂದಷ್ಟೇ ಬೇಗ ಇಳಿಯಿತು.

ಏಕೆಂದರೆ ಅವನಿಗೆ ಇನ್ನೊಂದು ಯೋಚನೆ ಬಂದಿತ್ತು. ಮೈಸೂರಿನ ಓವರ್ಸಿಯರ್ ಸೋಮವಾರ ಬಂಡಿ ಹೂಡಬಹುದು. ಹೈದರಾಬಾದಿನ ಏಜೆಂಟನೂ ಹೂಡಬಹುದು. ಆದರೆ ಪ್ರತಿ ಸೋಮವಾರ ಉಸುಕು ಬರದೆ ಕುಲುಮೆ ಆರಿಸಿಟ್ಟುಕೊಂಡು ಕೂಡುವ ಮೌಲಾಹುಸೇನ ಹೂಡುತ್ತಾನೆಯೇ? ಈ ತಪ್ಪು ಅವನ ಕೈಯಿಂದ ತಪ್ಪಾಗಿ ಬರಲು ಸಾಧ್ಯವೇ ಇಲ್ಲ.

"ಬೇಕಂತನೇ ಬರದಿ," ಎಂದ ಪರಮಣ್ಣ ಮೆಲ್ಲಗೆ. "ಯಾರೋ ಮುಂದ ಕುಂತು ಬರಸಿದ್ರು. ಇದು ಸುಳ್ಳು ಅಂತ ನಮ್ಮವರಿಗೆ ಗೊತ್ತಾಗ್ಲಿ ಅಂತ ನೀನು ಸೋಮವಾರ ಹಾಕಿದಿ."

ಮೌಲಾಹುಸೇನ ತಲೆ ತಗ್ಗಿಸಿದ. ಯಾಕೆ ಬರೆದೆ, ಯಾರಿಗಾಗಿ ಬರೆದೆ ಎಂಬುದನ್ನು ಈ ಕೋಣೆಯಲ್ಲಿ ಹೇಳಲಾರೆ, ಹೇಳಿದರೆ ಮನೆಯಲ್ಲಿ ಒಬ್ಬರ ಜೀವಕ್ಕೆ ಕುತ್ತು ಬರುತ್ತದೆ ಎಂದ. ಆಮೇಲೆ ತಲೆ ಎತ್ತಿ ಪರಮಣ್ಣನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಅಣ್ಣಾ, ಸೋಮವಾರದ್ದು ಓದಿದಿ. ಮಂಗಳವಾರದ್ದು ಯಾಕ ಓದಿಲ್ಲ?"

ಪರಮಣ್ಣ ಮೇಜಿನ ಮೇಲಿದ್ದ ವರದಿಯನ್ನು ಎತ್ತಿಕೊಂಡು ಎರಡನೇ ಸಾಲು ಗಟ್ಟಿಯಾಗಿ ಓದಿದ. ಹತ್ತು ಸಲ ಓದಿ ಹತ್ತು ಸಲವೂ ದಾಟಿ ಹೋಗಿದ್ದ ಸಾಲು.

'ಮಾರ್ಚ್ ಹದಿಮೂರು. ಮಳೆ ಬಂದ ಕಾರಣ ಪರೀಕ್ಷೆ ನಿಲ್ಲಿಸಿ, ಪಂಪನ್ನು ಹುಣಸೆ ಮರದ ಕೆಳಗಿನ ಹಸಿರು ಬಾಗಿಲಿನ ಕೋಣೆಯಲ್ಲಿ ಇಡಲಾಯಿತು.'

ರಾಯಚೂರು ಸೀಮೆಯಲ್ಲಿ ಮಾರ್ಚಿನಲ್ಲಿ ಮಳೆ. ಅದೂ ಹೋಗಲಿ. ಬೋರಿನ ಹತ್ತಿರ ಮೂರು ಜಾಲಿ ಬಿಟ್ಟು ಬೇರೆ ಮರವೇ ಇಲ್ಲ, ಕೋಣೆ ಎಲ್ಲಿಂದ ಬರಬೇಕು ಎಂದು ಆದೆಪ್ಪ ಗೊಣಗಿದ. ಗೊಣಗುತ್ತಲೇ ಕಿಟಕಿಯ ಆಚೆ ನೋಡಿ, ಬೀಗ ಚುಚ್ಚಿದ್ದ ಬೆನ್ನನ್ನು ಕೈಯಿಂದ ಮುಟ್ಟಿಕೊಂಡ.

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಹಿಂದಿನ ಅಂಗಳದಲ್ಲಿ ಹುಣಸೆ ಮರ, ಮರದ ಕೆಳಗೆ ಕೋಣೆ, ಕೋಣೆಗೆ ಹಸಿರು ಬಾಗಿಲು.

ಇದು ವರದಿಯಲ್ಲ, ಓದಬಲ್ಲವರಿಗೆಂದು ಮೌಲಾಹುಸೇನ ಬರೆದ ಕಾಗದ. ಅವನ ಪಂಪು ಈ ಆವರಣ ಬಿಟ್ಟು ಹೋಗೇ ಇಲ್ಲ. ಅದರ ಜೊತೆಗೆ ಮತ್ತೇನೇನು ಆ ಕತ್ತಲಲ್ಲಿ ಕೂತಿದೆಯೋ ಎಂದುಕೊಂಡು ಪರಮಣ್ಣ ಬುರ್ಹಾನುದ್ದೀನರ ಮುಂದೆ ಕೈ ಚಾಚಿದ.

"ಕೀಲಿ ಕೊಡ್ರಿ ಸಾಹೇಬ್ರ."

ಬುರ್ಹಾನುದ್ದೀನರ ಮುಖ ಬಿಳಿಚಿಕೊಂಡಿತ್ತು. ಅವರು ಎದ್ದು ನಿಂತರು, ಮತ್ತೆ ಕೂತರು.

"ಆ ಕೋಣಿ ಕೀಲಿ ನನ್ನ ಹತ್ರ ಇಲ್ಲ, ಪರಮಣ್ಣ," ಎಂದರು ಬರೀ ಕನ್ನಡದಲ್ಲೇ, ತಗ್ಗಿದ ದನಿಯಲ್ಲಿ. "ಮಾದರಿ ಪಂಪು ಕಾಯೋದು ನ್ಯಾಯವಾಗಿ ನಡೀಲಿ ಅಂತ ಎರಡು ತಿಂಗಳ ಹಿಂದ ಬೀಗ ಹಾಕಿದವರು ಬ್ಯಾಂಕಿನ ಸಾಹೇಬರು. ಕೀಲಿ ಅವರ ಹತ್ರನೇ ಅದ."

ಪರಮಣ್ಣ ತಿರುಗಿದ. ಮೊಟ್ಟೆಯ ತಟ್ಟೆ ಖಾಲಿಯಾಗಿತ್ತು. ಬಡೇಬೀ ಹೇಳಿದ ಮೂರನೇ ಕೋಣೆಯ ಕುದಿಸಿದ ತತ್ತಿ ಅವನಿಗೆ ಆಗ ನೆನಪಾಯಿತು. ಸಾಹೇಬನ ಮುಖದಲ್ಲಿ ಮೊದಲಿನದೇ ನಗು ಇತ್ತು. ಆದರೆ ಪೆನ್ನು ಮೇಜಿನ ಮೇಲೆ ಬಿದ್ದಿತ್ತು, ಅವನ ಬಲಗೈ ಕೋಟಿನ ಒಳಜೇಬನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

ಕೀಲಿಯ ಮಾತನ್ನು ಇನ್ನೂ ಯಾರೂ ಇಂಗ್ಲಿಷಿಗೆ ತಿರುಗಿಸಿರಲಿಲ್ಲ.